ಬಿದನೂರರಸರ ಕಾಲದ ಕ್ರೈಸ್ತಗುರುಗಳೂ ಸಂಮಾನದ ವಿವಾದವೂ

ಈಗಿನ ಸಾಗರ, ಹೊಸನಗರ, ತೀರ್ಥಹಳ್ಳಿ ಎಂಬ ಮೂರು ತಾಲ್ಲೂಕುಗಳು ಕೆಳದಿಯ ನಾಯಕರ ರಾಜ್ಯಕ್ಕೆ ಹೃದಯಸ್ಥಾನವಾಗಿದ್ದುವೆಂಬುದು ಕರ್ಣಾಟಕದ ಇತಿಹಾಸವನ್ನು ಬಲ್ಲವರಿಗೆ ಹೊಸದಾಗಿ ಹೇಳಬೇಕಾದ ಸಂಗತಿಯಲ್ಲ. ಆ ವಂಶದ ಮೂಲಗ್ರಾಮವಾದ ಕೆಳದಿಯೂ ಅನಂತರದ ರಾಜಧಾನಿಯಾದ ಇಕ್ಕೇರಿಯೂ ಸಾಗರದ ಸೀಮೆಯಲ್ಲಿವೆ. ಕೊನೆಯ ರಾಜಧಾನಿಯಾದ ಬಿದನೂರು, ಎಂದರೆ ಇಂದಿನ ನಗರ, ಹೊಸನಗರದ ಸೀಮೆಗೆ ಸೇರಿದುದು. ಭುವನಗಿರಿದುರ್ಗವೆಂದು ಹೆಸರಾದ ಕವಲೆದುರ್ಗವು ತೀರ್ಥಹಳ್ಳಿಗೆ ಸೇರಿದುದು. ಆದರೆ ಈ ಮಲೆನಾಡಿನಲ್ಲಿ ಕುಳಿತು ಆಳಿದ ಅರಸರ ಕೈ ಘಟ್ಟದ ಕೆಳಗೆ ಕಡಲಿನವರೆಗೂ ಚಾಚಿತ್ತು. ಹೊನ್ನಾವರ, ಭಟ್ಕಳ, ಬಸರೂರು, ಗಂಗೊಳ್ಳಿ, ಮಂಗಳೂರು ಮೊದಲಾದ ರೇವುಗಳ ಸುಂಕವು ಬಿದನೂರಿನ ಬೊಕ್ಕಸಕ್ಕೆ ಏರಿಬರುತ್ತಿತ್ತು. ಹೀಗಾಗಿ ಆ ರೇವುಗಳಲ್ಲಿ ನೆಲಸಿದ ಕೊಂಕಣಿ ನುಡಿಯ ಕ್ರೈಸ್ತರೂ ಅವರ ಗುರುಗಳೂ ಬಿದನೂರಿನ ಪ್ರಜೆಗಳೇ ಆಗಿದ್ದರು. ಕೆಳದಿಯ ಅರಸರು ವೀರಶೈವಮಠಗಳಿಗೂ ಶೃಂಗೇರಿಗೂ ಅಗ್ರಹಾರಗಳಿಗೂ ಬಿಟ್ಟ ದತ್ತಿಗಳ ವಿಷಯವಾಗಿ ಬರೆದವರು ಬಹುಮಂದಿ. ಅದೇ ಅರಸರ ನೆರಳಿನಲ್ಲಿ ಕ್ರೈಸ್ತಗುರುಗಳ ನಡುವೆ ನಡೆದ ಒಂದು ಕಲಹವು ಮಾತ್ರ ಕನ್ನಡದಲ್ಲಿ ಅಷ್ಟಾಗಿ ವಿಚಾರಕ್ಕೆ ಬಂದಿಲ್ಲ.

ಆ ಕಲಹವು ಕ್ರಿ. ಶ. ೧೬೮೧ರಿಂದ ೧೬೮೪ರವರೆಗೆ, ರಾಣಿ ಚೆನ್ನಮ್ಮಾಜಿಯು ಬಿದನೂರಿನಲ್ಲಿ ಆಳುತ್ತಿದ್ದ ಕಾಲದಲ್ಲಿ, ತೀವ್ರವಾಗಿ ನಡೆಯಿತು. ಕ್ರೈಸ್ತಸಂಸ್ಥೆಯ ಚರಿತ್ರಕಾರರು ಇದನ್ನು ಅಧಿಕಾರವ್ಯಾಪ್ತಿಯ ವ್ಯಾಜ್ಯವೆಂದು ಎಣಿಸುವರು. ಅದು ಸರಿಯೇ. ಆದರೆ ಪತ್ರಗಳ ಒಳಗೆ ಇಣಿಕಿ ನೋಡಿದರೆ ಅಧಿಕಾರದ ಪ್ರಶ್ನೆಗಿಂತ ಮೊದಲು ಸಂಮಾನದ ಪ್ರಶ್ನೆ ಇದ್ದಿತೆಂಬುದು ಗೋಚರವಾಗುವುದು. ಯಾರು ಯಾರಿಗೆ ಮೊದಲು ಪತ್ರ ತೋರಿಸಬೇಕು, ಯಾರ ಮುಂದೆ ಯಾರು ಮಣಿಯಬೇಕು, ಯಾರ ಕೈಯಿಂದ ಸಂಸ್ಕಾರ ಪಡೆದರೆ ಅದು ಸಿಂಧು ಎಂಬುವೇ ಅಲ್ಲಿಯ ಮುಖ್ಯ ಪ್ರಶ್ನೆಗಳು.

ಸಂಮಾನವು ಧಾರ್ಮಿಕನಿಗೆ ಅಪಾಯವೆಂಬ ವಿಚಾರವು ಯಾವುದೋ ಒಂದು ಮತದ ಸೊತ್ತಲ್ಲ. ಮನುಸ್ಮೃತಿಯ ಎರಡನೆಯ ಅಧ್ಯಾಯದಲ್ಲಿ, ಬ್ರಾಹ್ಮಣನು ಸಂಮಾನವನ್ನು ವಿಷವೆಂದು ಬಗೆದು ಹೆದರಬೇಕು, ಅವಮಾನವನ್ನು ಅಮೃತದಂತೆ ಬಯಸಬೇಕು ಎಂಬ ವಿಧಿಯುಂಟು. ವ್ಯಾಖ್ಯಾನಕಾರರು ಈ ಮಾತನ್ನು ಬ್ರಹ್ಮಚಾರಿಯ ಧರ್ಮಗಳ ಪ್ರಕರಣದಲ್ಲಿ ಇಟ್ಟು ವಿವರಿಸಿರುವುದರಿಂದ, ಓದಿ ಮುಗಿಸಿ ಪಂಡಿತರಾದವರು ಅದು ತಮಗೆ ಅನ್ವಯಿಸದೆಂದು ನೆಮ್ಮದಿಯಿಂದಿರುವುದೂ ಉಂಟು! ಯೋಗಸೂತ್ರದ ಮೂರನೆಯ ಪಾದದಲ್ಲಿ, ಸಿದ್ಧಿಯನ್ನು ಪಡೆದ ಯೋಗಿಯನ್ನು ಸ್ಥಾನಿಗಳಾದ ದೇವತೆಗಳು ಆದರದಿಂದ ಕರೆದಾಗ ಸಂಗವನ್ನೂ ಸ್ಮಯವನ್ನೂ ಮಾಡಬಾರದೆಂದು ಹೇಳಿದೆ. ಸ್ಮಯವೆಂದರೆ 'ದೇವತೆಗಳೂ ನನ್ನನ್ನು ಕರೆಯುವರಲ್ಲಾ' ಎಂಬ ಬೀಗು. ಜೈನರ ಶಾಸ್ತ್ರವು ಇದನ್ನು ಇನ್ನೂ ಸೂಕ್ಷ್ಮವಾಗಿ ವಿಂಗಡಿಸಿದೆ. ಸಮಂತಭದ್ರಾಚಾರ್ಯರ ರತ್ನಕರಂಡಕದಲ್ಲಿ ಗಣಿಸಿರುವ ಎಂಟು ಮದಗಳಲ್ಲಿ ಜ್ಞಾನ, ಕುಲ, ಜಾತಿ, ಬಲ, ಐಶ್ವರ್ಯ, ತಪಸ್ಸು, ರೂಪ ಇವುಗಳ ಜೊತೆಗೆ ಪೂಜಾಮದವೆಂಬುದೊಂದು ಪ್ರತ್ಯೇಕವಾಗಿ ನಿಂತಿದೆ. ಪರರು ತನಗೆ ಸಲ್ಲಿಸುವ ಮರ್ಯಾದೆಯಿಂದ ಹುಟ್ಟುವ ಮದವಿದು. ತಪಸ್ಸಿನ ಮದ ಬೇರೆ, ಪೂಜೆಯ ಮದ ಬೇರೆ ಎಂದು ಕಂಡುಕೊಂಡುದು ದೊಡ್ಡ ವಿವೇಕ. ಹೊಸನಗರದ ಹೊಂಬುಜದಲ್ಲಿ, ಎಂದರೆ ಹುಂಚದಲ್ಲಿ, ಶತಮಾನಗಳಿಂದ ಭಟ್ಟಾರಕಪೀಠವು ನಡೆದುಬಂದಿರುವುದರಿಂದ ಈ ಎಂಟು ಮದಗಳ ಪಾಠವು ಮಲೆನಾಡಿಗೆ ಹೊರಗಿನದಲ್ಲ.

ಕ್ರೈಸ್ತಶಾಸ್ತ್ರದಲ್ಲಿಯೂ ಇಂಥದೇ ವಿಂಗಡಣೆ ಇದೆ. ನಾಲ್ಕನೆಯ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿ ತಪಸ್ಸು ಮಾಡಿದ ಇವಾಗ್ರಿಯಸನೆಂಬುವನು ಮನಸ್ಸನ್ನು ಕೆಡಿಸುವ ಎಂಟು ಭಾವಗಳನ್ನು ಗಣಿಸಿ, ಅವುಗಳಲ್ಲಿ ಕೀರ್ತಿಯಾಸೆಯನ್ನೂ ಗರ್ವವನ್ನೂ ಬೇರೆಬೇರೆಯಾಗಿ ಇಟ್ಟನು. ಅವನ ವಿಚಾರವನ್ನು ಪಶ್ಚಿಮದೇಶಕ್ಕೆ ಒಯ್ದ ಕಾಸಿಯನನು ಕೀರ್ತಿಯಾಸೆಯನ್ನು ಈರುಳ್ಳಿಗೆ ಹೋಲಿಸಿದನು. ಒಂದು ಸಿಪ್ಪೆಯನ್ನು ಸುಲಿದರೆ ಅದರ ಕೆಳಗೆ ಮತ್ತೊಂದು ಇದ್ದೇ ಇರುವುದು. ಒಳ್ಳೆಯ ಉಡುಪಿನಿಂದ ಬರುವ ಹೆಮ್ಮೆಯನ್ನು ಬಿಟ್ಟವನಿಗೆ ಹರಕು ಉಡುಪಿನಿಂದ ಹೆಮ್ಮೆ ಬರುವುದು. ಆರನೆಯ ಶತಮಾನದ ಕೊನೆಯಲ್ಲಿ ರೋಮಿನ ಪೋಪನಾದ ಒಂದನೆಯ ಗ್ರೆಗೊರಿಯು ಗರ್ವವೇ ಎಲ್ಲ ಪಾಪಗಳ ಬೇರೆಂದು ನಿರ್ಣಯಿಸಿದನು. ಅವನ ಕಾಲದಲ್ಲಿ ಕಾನ್‌ಸ್ಟಾಂಟಿನೋಪಲಿನ ಧರ್ಮಾಧ್ಯಕ್ಷನು ಸಾರ್ವತ್ರಿಕನೆಂಬ ಬಿರುದನ್ನು ಧರಿಸಲು, ಗ್ರೆಗೊರಿಯು ಅದನ್ನು ಖಂಡಿಸಿ ತನ್ನನ್ನು ದೇವರ ದಾಸರಿಗೆ ದಾಸನೆಂದು ಕರೆದುಕೊಂಡನು. ಮುಂದೆ ಈ ದಾಸಶಬ್ದವೇ ಪೋಪರ ಶಾಸನಗಳ ತಲೆಯ ಮೇಲೆ ಮುದ್ರೆಯೊಡನೆ ನಿಲ್ಲುವ ಬಿರುದಾಯಿತು. ಕಾಸಿಯನನ ಈರುಳ್ಳಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕುವುದು ಕಷ್ಟ.

ಇನ್ನು ಕೆಳದಿಯ ರಾಜ್ಯಕ್ಕೆ ಬರೋಣ. ಪೋರ್ತುಗೀಸರಿಗೂ ಈ ಅರಸರಿಗೂ ಸಂಬಂಧವು ವ್ಯಾಪಾರದಿಂದ, ಅದರಲ್ಲಿಯೂ ಮೆಣಸಿನಿಂದ, ಬೆಳೆದುದು. ೧೬೨೩ರಲ್ಲಿ ಗೋವೆಯಿಂದ ಹೊರಟ ಒಂದು ರಾಯಭಾರವು ಹೊನ್ನಾವರ, ಗೇರುಸೊಪ್ಪೆಗಳ ಮಾರ್ಗವಾಗಿ ಘಟ್ಟವನ್ನು ಹತ್ತಿ ಸಾಗರವನ್ನು ಹಾದು ಇಕ್ಕೇರಿಯಲ್ಲಿ ವೆಂಕಟಪ್ಪನಾಯಕನನ್ನು ಕಂಡಿತು. ಆ ತಂಡದೊಡನೆ ಬಂದ ಇಟಲಿಯ ಪ್ರವಾಸಿ ಪಿಯೆತ್ರೋ ದೆಲ್ಲಾ ವಾಲ್ಲೆಯು ಇಕ್ಕೇರಿಯ ಅಘೋರೇಶ್ವರದೇವಾಲಯವನ್ನೂ, ದಾರಿಯಲ್ಲಿ ಮರಳಿನ ಮೇಲೆ ಬರೆಯುತ್ತ ಹಾಡುತ್ತ ಲೆಕ್ಕ ಕಲಿಯುತ್ತಿದ್ದ ಮಕ್ಕಳನ್ನೂ ವರ್ಣಿಸಿರುವುದು ಪ್ರಸಿದ್ಧವಾಗಿದೆ. ಅವನ ಪತ್ರಗಳಲ್ಲಿ ದರ್ಬಾರಿನ ಉಪಚಾರಗಳ ವಿವರವೂ ಸಾಕಷ್ಟಿದೆ. ಮರ್ಯಾದೆಯನ್ನು ಅಳೆದು ತೂಗಿ ಕೊಡುವ ಕಲೆಯಲ್ಲಿ ಇಕ್ಕೇರಿಯೂ ಗೋವೆಯೂ ಒಂದಕ್ಕೊಂದು ಬಿಟ್ಟುಕೊಡುವಂತಿರಲಿಲ್ಲ.

ಬಿಜಾಪುರದವರ ದಂಡು ಇಕ್ಕೇರಿಯನ್ನು ಸೂರೆಗೊಂಡ ಬಳಿಕ ವೀರಭದ್ರನಾಯಕನು ರಾಜಧಾನಿಯನ್ನು ಬಿದನೂರಿಗೆ ಸಾಗಿಸಿದನು. ಅವನ ತರುವಾಯ ಪಟ್ಟಕ್ಕೆ ಬಂದ ಶಿವಪ್ಪನಾಯಕನು ೧೬೫೪ರ ಹೊತ್ತಿಗೆ ಬಸರೂರು, ಗಂಗೊಳ್ಳಿ, ಮಂಗಳೂರು, ಹೊನ್ನಾವರಗಳ ಪೋರ್ತುಗೀಸ್ ಕೋಟೆಗಳನ್ನೆಲ್ಲ ಕಿತ್ತುಕೊಂಡನು. ಕೋಟೆಗಳು ಹೋದ ಮೇಲೆ ಕರಾವಳಿಯ ಕ್ರೈಸ್ತರಿಗೆ ಗೋವೆಯ ಆಶ್ರಯವು ದೂರವಾಯಿತು. ೧೬೭೮ರಲ್ಲಿ ಬಿದನೂರಿಗೂ ಗೋವೆಗೂ ಆದ ಒಡಂಬಡಿಕೆಯಂತೆ ಪೋರ್ತುಗೀಸರು ಮಂಗಳೂರಿನಲ್ಲಿ ಕೋಠಿಯನ್ನು ಕಟ್ಟಿಕೊಳ್ಳಲೂ ಮಿರ್ಜಾನು, ಚಂದಾವರ, ಹೊನ್ನಾವರ, ಭಟ್ಕಳ, ಕಲ್ಯಾಣಪುರಗಳಲ್ಲಿ ಇಗರ್ಜಿಗಳನ್ನು ಎತ್ತಿಸಲೂ ಅಪ್ಪಣೆಯಾಯಿತು. ಇಲ್ಲಿ ಗಮನಿಸತಕ್ಕ ವಿಷಯವೊಂದುಂಟು. ಇಗರ್ಜಿಯು ಅಕ್ಕಿ ಮೆಣಸುಗಳೊಡನೆ ರಾಜಕೀಯಪತ್ರದಲ್ಲಿ ಒಂದು ಬಾಬತಾಗಿ ಸೇರಿದ ಮೇಲೆ, ಅದಕ್ಕೆ ಗುರುವನ್ನು ಕಳುಹಿಸುವ ಹಕ್ಕೂ ತಮ್ಮದೇ ಎಂದು ಗೋವೆಯವರು ಭಾವಿಸಿದುದು ಆಶ್ಚರ್ಯವಲ್ಲ.

ಆ ಹಕ್ಕಿನ ಮೂಲವು ಹಳೆಯದು. ಪೋಪರು ೧೫ ಮತ್ತು ೧೬ನೆಯ ಶತಮಾನಗಳಲ್ಲಿ ಪೋರ್ತುಗಾಲಿನ ದೊರೆಗೆ ಪೂರ್ವದೇಶಗಳ ಕ್ರೈಸ್ತಸಂಸ್ಥೆಯ ಪೋಷಣಾಧಿಕಾರವನ್ನು ಕೊಟ್ಟಿದ್ದರು. ಇದಕ್ಕೆ ಪದ್ರುವಾದೊ ಎಂದು ಹೆಸರು. ಇಗರ್ಜಿಗಳ ವೆಚ್ಚವನ್ನು ದೊರೆ ಭರಿಸುವನು, ಬಿಷಪ್ಪರನ್ನು ಸೂಚಿಸುವ ಹಕ್ಕೂ ದೊರೆಗೇ. ಕಾಲಾನಂತರ ಪೋರ್ತುಗಾಲಿಗೆ ಸಾಮರ್ಥ್ಯ ಕುಗ್ಗಿತು, ಹಕ್ಕು ಮಾತ್ರ ಕುಗ್ಗಲಿಲ್ಲ. ೧೬೨೨ರಲ್ಲಿ ಪೋಪ್ ಹದಿನೈದನೆಯ ಗ್ರೆಗೊರಿಯು ಮತಪ್ರಸಾರಕ್ಕಾಗಿಯೇ ಪ್ರೊಪಗಾಂಡವೆಂಬ ಸಭೆಯನ್ನು ರೋಮಿನಲ್ಲಿ ಸ್ಥಾಪಿಸಿ, ದೊರೆಯ ಮೂಲಕವಲ್ಲದೆ ನೇರವಾಗಿ ಧರ್ಮಾಧಿಕಾರಿಗಳನ್ನು ಕಳುಹಿಸುವ ಏರ್ಪಾಟು ಮಾಡಿದನು. ಒಂದೇ ಮತ, ಒಂದೇ ಪೋಪು, ಎರಡು ಅಧಿಕಾರಸೂತ್ರಗಳು. ಕೆನರಾದ ಕಲಹವು ಈ ಎರಡು ಸೂತ್ರಗಳು ತೊಡಕಿಕೊಂಡ ಗಂಟು.

ಗಂಟಿನೊಳಗೆ ಇನ್ನೊಂದು ಎಳೆ ಇತ್ತು. ಗೋವೆಯಲ್ಲಿ ಆ ಶತಮಾನದುದ್ದಕ್ಕೂ ಈ ದೇಶದಲ್ಲಿ ಹುಟ್ಟಿದ ಪಾದ್ರಿಗಳು ಯುರೋಪಿನವರ ಸಂನ್ಯಾಸಿಸಂಘಗಳಿಗೆ ಪ್ರವೇಶವಿಲ್ಲದೆ, ಸಾಮಾನ್ಯವಾಗಿ ಕೆಳಗಿನ ಸ್ಥಾನಗಳಲ್ಲಿಯೇ ಉಳಿಯಬೇಕಾಗಿತ್ತು. ದಿವಾಡಿಯ ಬ್ರಾಹ್ಮಣಮೂಲದ ಮತ್ತೇಯು ದ ಕಾಸ್ತ್ರುವಿಗೆ ಗೋವೆಯ ಆರ್ಚ್‌ಬಿಷಪ್ಪನು ದೀಕ್ಷೆ ಕೊಡಲೊಲ್ಲದೆ ಹೋದನು. ಆತನು ರೋಮಿಗೆ ಹೋಗಿ ಅಲ್ಲಿ ಓದಿ ಪಾದ್ರಿಯಾದುದಲ್ಲದೆ, ೧೬೩೭ರಲ್ಲಿ ಬಿಷಪ್ಪನಾಗಿಯೂ ಅಭಿಷಿಕ್ತನಾದನು. ಲ್ಯಾಟಿನ್ ಪದ್ಧತಿಯ ಕ್ರೈಸ್ತಸಂಸ್ಥೆಯಲ್ಲಿ ಬಿಷಪ್ಪನಾದ ಮೊದಲನೆಯ ಹಿಂದೂದೇಶೀಯನೆಂದು ಅವನಿಗೆ ಪ್ರಸಿದ್ಧಿ. ಗೋವೆಯವರು ಅವನನ್ನೂ ಅವನು ದೀಕ್ಷೆ ಕೊಟ್ಟವರನ್ನೂ ಅಂಗೀಕರಿಸಲಿಲ್ಲ. ಅವನು ಬಿಜಾಪುರದ ಸುಲ್ತಾನನ ಸೀಮೆಯಾದ ಡಿಚೋಲಿಯಲ್ಲಿ ನೆಲಸಿ, ೧೬೫೩ರಲ್ಲಿ ಬ್ರಾಹ್ಮಣರ ಕನ್ನಡಿ ಎಂಬ ಅರ್ಥದ ಹೆಸರಿನ ಒಂದು ಕಟುವಾದ ಪತ್ರಿಕೆಯನ್ನು ಬರೆದು ಪೋರ್ತುಗೀಸರ ಮೇಲೆ ತನ್ನವರನ್ನು ಎತ್ತಿಕಟ್ಟಿದನು. ೧೬೭೭ರಲ್ಲಿ ರೋಮಿನಲ್ಲಿ ಕಾಲವಾದನು.

ಇವನ ಬಂಧುವೇ ತೊಮಾಸ್ ದ ಕಾಸ್ತ್ರು. ಅವನೂ ರೋಮಿನಲ್ಲಿ ಓದಿದವನು, ತೆಯಾತಿನ್ ಸಂಘಕ್ಕೆ ಸೇರಿದವನು. ಅವನನ್ನು ಪೋಪ್ ಹತ್ತನೆಯ ಕ್ಲೆಮೆಂಟನು ೧೬೭೫ರಲ್ಲಿ ಕೆನರಾದ ಅಪೊಸ್ತಲಿಕ ವಿಕಾರನನ್ನಾಗಿ ನೇಮಿಸಿದನು. ತೊಮಾಸನು ಮಂಗಳೂರಿನಲ್ಲಿ ನೆಲಸಿದನು. ಗೋವೆಯವರು, ಹಿಂದಿನ ಪೋಪರು ದೊರೆಗೆ ಕೊಟ್ಟುದನ್ನು ಈಗಿನ ಪೋಪನು ಹಿಂದಕ್ಕೆ ತೆಗೆದುಕೊಂಡಿಲ್ಲವೆಂದೂ, ನೇಮಕದ ಪತ್ರವನ್ನು ಗೋವೆಯಲ್ಲಿ ತೋರಿಸಿ ಪ್ರಕಟಿಸದೆ ಯಾವ ಅಧಿಕಾರವೂ ಇಲ್ಲವೆಂದೂ ಹಟ ಹಿಡಿದರು. ಪೋಪನಿಂದ ಪತ್ರ ಪಡೆದವನು ಆರ್ಚ್‌ಬಿಷಪ್ಪನ ಬಾಗಿಲಿನಲ್ಲಿ ಅದನ್ನು ಹಿಡಿದು ನಿಲ್ಲಬೇಕೇ ಎಂಬುದು ತೊಮಾಸನ ಪಕ್ಷ.

ಇಲ್ಲಿ ನ್ಯಾಯಾನ್ಯಾಯಗಳನ್ನು ನಿರ್ಣಯಿಸುವಾಗ ಅವಸರ ಮಾಡಬಾರದು. ತೊಮಾಸನನ್ನು ಗರ್ವಿಷ್ಠನೆಂದು ತಳ್ಳಿಹಾಕುವುದು ಸುಲಭ. ಆದರೆ ಅವನ ಮನೆಯವರು ಎರಡು ತಲೆಮಾರು ಗೋವೆಯ ಬಿಳಿಯ ಗುರುಗಳಿಂದ ಉಂಡ ಅವಮಾನವೆಷ್ಟು! ಅವಮಾನಿತನು ಸಂಮಾನವನ್ನು ನ್ಯಾಯವೆಂಬ ಹೆಸರಿನಿಂದ ಬೇಡುತ್ತಾನೆ. ಅದು ನ್ಯಾಯವೂ ಆಗಿರುತ್ತದೆ. ಆದಕಾರಣವೇ ಅದರೊಳಗೆ ಸೇರಿಕೊಂಡ ಮದವು ಅವನ ಕಣ್ಣಿಗೆ ಬೀಳುವುದಿಲ್ಲ. ಹುಟ್ಟಿನಿಂದಲೇ ಮರ್ಯಾದೆಯನ್ನು ಉಂಡು ಬೆಳೆದ ಪೋರ್ತುಗೀಸ್ ಆರ್ಚ್‌ಬಿಷಪ್ಪನ ಗರ್ವವು ಜಾತಿಮದ, ಐಶ್ವರ್ಯಮದಗಳ ಬಗೆಯದು. ತೊಮಾಸನದು ಪೂಜಾಮದ. ಸಲ್ಲಬೇಕಾದ ಪೂಜೆ ಸಲ್ಲದೆ ಹೋದುದರಿಂದ ಅದು ಹುಟ್ಟಿತ್ತು. ಪೂಜೆಯ ಅಭಾವದಿಂದಲೂ ಪೂಜಾಮದ ಹುಟ್ಟೀತೆಂಬ ಈ ಪ್ರಕಾರವನ್ನು ಎಂಟು ಮದಗಳ ವಿವರಣೆಗೆ ಸೇರಿಸಿಕೊಂಡು ವಿಚಾರಿಸುವುದು ಉಚಿತವೆಂದು ತೋರುತ್ತದೆ.

೧೬೮೧ರಲ್ಲಿ ಜುಜೆ ವಾಜನು ಕೆನರಾಕ್ಕೆ ಬಂದನು. ೧೬೫೧ರ ಏಪ್ರಿಲ್ ೨೧ರಂದು ಸಾಷ್ಟಿಯ ಬಾಣಾವಲಿಯಲ್ಲಿ ಹುಟ್ಟಿದ ಇವನ ಮನೆತನವು ಸಾಂಕವಾಳದ್ದು. ಇವನೂ ಬ್ರಾಹ್ಮಣಮೂಲದ ಕೊಂಕಣಿಗನೇ, ೧೬೭೬ರಲ್ಲಿ ಪಾದ್ರಿಯಾದವನು. ದೀಕ್ಷೆಯಾದೊಡನೆ ಬಡವರಂತೆ ಬರಿಗಾಲಿನಲ್ಲಿ ನಡೆಯಲಾರಂಭಿಸಿದನು. ಅದರಿಂದಲೇ ಅವನ ಹೆಸರು ಊರೂರಿಗೆ ಹಬ್ಬಿ, ಅವನ ಪ್ರಸಂಗ ಕೇಳಲೂ ಅವನಲ್ಲಿ ಪಾಪನಿವೇದನೆ ಮಾಡಿಕೊಳ್ಳಲೂ ಜನ ನೆರೆಯತೊಡಗಿತು. ೧೬೭೭ರಲ್ಲಿ ಅವನು ತನ್ನನ್ನು ಮರಿಯಮ್ಮನವರಿಗೆ ಜೀತದಾಳಾಗಿ ಒಪ್ಪಿಸಿಕೊಂಡು ಒಂದು ದಾಸ್ಯಪತ್ರವನ್ನು ಬರೆದು ರುಜು ಹಾಕಿದನು. ಕ್ರಯಪತ್ರ, ಭೋಗ್ಯಪತ್ರಗಳ ಧಾಟಿಯಲ್ಲಿ ತನ್ನನ್ನೇ ಬರೆದುಕೊಡುವ ಈ ರೀತಿಯು, ದಾಸರ ಸಂಪ್ರದಾಯವನ್ನೂ ದಾಸೋಹದ ಭಾವವನ್ನೂ ಬಲ್ಲ ಕನ್ನಡಿಗರಿಗೆ ಪರಕೀಯವೆಂದು ತೋರದು.

ವಾಜನಿಗೆ ಆಸೆಯಿದ್ದುದು ಸಿಂಹಳದ್ವೀಪಕ್ಕೆ ಹೋಗಬೇಕೆಂದು. ಅಲ್ಲಿಯ ಕರಾವಳಿಯನ್ನು ಡಚ್ಚರು ೧೬೫೮ರ ಹೊತ್ತಿಗೆ ಪೂರ್ತಿಯಾಗಿ ಹಿಡಿದು ಕಥೋಲಿಕ ಪಾದ್ರಿಗಳನ್ನು ಹೊರಗಟ್ಟಿದ್ದರು. ಆದರೆ ಗೋವೆಯ ಧರ್ಮಸಭೆಯು ಅವನಿಗೆ ಕೆನರಾದ ವಿಕಾರನ ಪದವಿಯನ್ನು ಕೊಟ್ಟು, ತೊಮಾಸನ ಎದುರಿಗೆ ಪದ್ರುವಾದೊ ಪಕ್ಷವನ್ನು ಎತ್ತಿಹಿಡಿಯಬೇಕೆಂದು ಕಳುಹಿಸಿತು. ಕೊಂಕಣಿಗನ ಮೇಲೆ ಕೊಂಕಣಿಗನನ್ನು ಬಿಟ್ಟ ಈ ಉಪಾಯದಲ್ಲಿ ರಾಜನೀತಿಯ ಚಾತುರ್ಯವಿಲ್ಲದಿಲ್ಲ.

ವಾಜನು ಮಂಗಳೂರಿಗೆ ಬಂದಾಗ ಕಂಡ ಸ್ಥಿತಿ ಹೀಗಿತ್ತು. ಗೋವೆಯ ಪಕ್ಷದವರು ತೊಮಾಸನನ್ನು ಅತಿಕ್ರಮಿಯೆಂದು ಸಾರಿದ್ದರು. ಆರ್ಚ್‌ಬಿಷಪ್ ಮನುಯೆಲ್ ದ ಸೋಜ ಇ ಮೆನೆಜಿಸನು ಅವನಿಂದಾಗಲಿ ಅವನು ನೇಮಿಸಿದ ಪಾದ್ರಿಗಳಿಂದಾಗಲಿ ಯಾವ ಸಂಸ್ಕಾರವನ್ನೂ ಪಡೆಯಕೂಡದೆಂದು ಜನರಿಗೆ ಕಟ್ಟಪ್ಪಣೆ ಮಾಡಿದನು. ತನ್ನನ್ನು ಒಪ್ಪದವರೆಲ್ಲರಿಗೂ ಬಹಿಷ್ಕಾರ ಹಾಕುವೆನೆಂದು ತೊಮಾಸನು ಬೆದರಿಸಿದನು. ಈ ಎರಡು ಆಜ್ಞೆಗಳ ನಡುವೆ ಸಿಕ್ಕಿದ ಒಕ್ಕಲಿಗ ಕ್ರೈಸ್ತನ ಅವಸ್ಥೆಯನ್ನು ಊಹಿಸಬೇಕು. ಒಬ್ಬ ಪಾದ್ರಿ ಮಾಡಿಸಿದ ಮದುವೆಯನ್ನು ಮತ್ತೊಬ್ಬನು ಮದುವೆಯೇ ಅಲ್ಲವೆನ್ನುವನು. ಸಾಯುವವನ ತಲೆದೆಸೆಗೆ ಯಾರನ್ನು ಕರೆಯಬೇಕು, ಕರೆದರೆ ಅವನ ಕ್ಷಮೆಯು ಪರಲೋಕದಲ್ಲಿ ಸಲ್ಲುವುದೋ ಇಲ್ಲವೋ ಎಂಬ ಭಯ. ತಮ್ಮ ಮರ್ಯಾದೆಗಾಗಿ ಸೆಣಸಿದ ಇಬ್ಬರು ಧರ್ಮಾಧ್ಯಕ್ಷರಿಗೂ ಆ ಭಯದ ಅನುಭವವಿರಲಿಲ್ಲ. ಮಲೆನಾಡಿನ ಮಠಗಳಲ್ಲಿಯೂ ಅಗ್ರಪೂಜೆ, ಅಡ್ಡಪಲ್ಲಕ್ಕಿ, ಬಿರುದಾವಳಿಗಳ ವಿಷಯವಾಗಿ ವಿವಾದಗಳು ನಡೆದುದುಂಟು. ಅಲ್ಲಿ ಕೂಡ ಪಲ್ಲಕ್ಕಿಯಲ್ಲಿ ಕುಳಿತವರಿಗಿಂತ ಅದನ್ನು ಹೊತ್ತವರಿಗೇ ಭಾರ ಹೆಚ್ಚು.

ವಾಜನು ಮಾಡಿದುದೇನು? ತೊಮಾಸನಿಗೆ ಪ್ರತಿಬಹಿಷ್ಕಾರ ಹಾಕಲಿಲ್ಲ. ಅವನನ್ನು ಹೋಗಿ ಕಂಡನು. ಬಹು ಎಚ್ಚರಿಕೆಯಿಂದ ಮಾತನಾಡಿ, ಗೋವೆಗೆ ತೋರಿಸಲೊಪ್ಪದ ಪೋಪನ ಪತ್ರವನ್ನು ತನಗೆ ತೋರಿಸುವಂತೆ ಅವನನ್ನು ಒಡಂಬಡಿಸಿದನು. ಪತ್ರವು ಸಾಚಾ ಎಂದು ಮನದಟ್ಟಾದ ಮೇಲೆ, ತನ್ನನ್ನು ಕಳುಹಿಸಿದವರ ಪಕ್ಷಕ್ಕೆ ಹಾನಿಯಾದರೂ ಚಿಂತೆಯಿಲ್ಲವೆಂದು ತೊಮಾಸನ ಅಧಿಕಾರವನ್ನು ಒಪ್ಪಿಕೊಂಡನು. ಅನಂತರ ಗೋವೆಗೆ ಹೊಸ ಆರ್ಚ್‌ಬಿಷಪ್ಪನು ಬರುವವರೆಗೆ ಆ ಅಧಿಕಾರವನ್ನು ತನಗೆ ವಹಿಸಿಕೊಡಬೇಕೆಂದು ತೊಮಾಸನನ್ನೇ ಬೇಡಿ ಪಡೆದನು. ಇದರಿಂದ ವಾಜನು ನಡೆಯಿಸಿದ ಸಂಸ್ಕಾರಗಳು ಎರಡು ಪಕ್ಷದವರ ದೃಷ್ಟಿಯಿಂದಲೂ ಸಿಂಧುವಾದುವು. ಸಾಯುವವನು ನೆಮ್ಮದಿಯಿಂದ ಸಾಯಬಹುದಾಯಿತು. ಇದನ್ನು ಬರಿಯ ವಿನಯವೆನ್ನುವುದು ಸಾಲದು. ವಿನಯವು ಇಲ್ಲಿ ಕಾನೂನಿನ ಬುದ್ಧಿಯೊಡನೆ ಕೂಡಿ ಕೆಲಸ ಮಾಡಿದೆ. ಯಾರಿಂದ ಅಧಿಕಾರವನ್ನು ಪಡೆದರೆ ತನ್ನ ಮಾನಕ್ಕೆ ಕುಂದೆಂದು ಎಣಿಸದ ಮನುಷ್ಯನಿಗೆ ಮಾತ್ರ ಈ ದಾರಿ ಹೊಳೆಯಬಲ್ಲುದು. ತರ್ಕದಲ್ಲಿ ಅವನಿಗಿಂತ ನಿಪುಣರಾದವರು ಗೋವೆಯಲ್ಲಿ ಬಹುಮಂದಿ ಇದ್ದರು, ಅವರಿಗೆ ಹೊಳೆಯಲಿಲ್ಲ.

ಗೋವೆಗೆ ವಾಜನು ಬರೆದ ಪತ್ರಗಳಲ್ಲಿ ಕೆನರಾದ ಜನರ ದುರವಸ್ಥೆಯನ್ನು ಅರುಹಿ, ರೋಮಿನಿಂದ ತೀರ್ಮಾನ ಬರುವವರೆಗೆ ತೊಮಾಸನ ಕೈಕೆಳಗೆ ಕೆಲಸ ಮಾಡಲು ಅಪ್ಪಣೆಯಾಗಬೇಕೆಂದು ಬೇಡಿಕೊಂಡನು. ಗೋವೆಯವರ ಪಟ್ಟು ಸಡಿಲಲಿಲ್ಲ. ಈ ನಡುವೆ ಅವನು ಹೊನ್ನಾವರ, ಬಸರೂರು, ಕುಂದಾಪುರ, ಗಂಗೊಳ್ಳಿಗಳಲ್ಲಿ ಇಗರ್ಜಿಗಳನ್ನು ಎಬ್ಬಿಸಿದನು, ಮಂಗಳೂರಿನ ರೊಜಾರಿಯೊ ಇಗರ್ಜಿಯನ್ನು ಮತ್ತೆ ಕಟ್ಟಿಸಿದನು, ಸಣ್ಣ ಶಾಲೆಗಳನ್ನು ತೆರೆದನು. ಇವೆಲ್ಲ ನಡೆದುದು ವೀರಶೈವರಾಣಿಯ ರಾಜ್ಯದಲ್ಲಿ. ಗೋವೆಗೂ ರೋಮಿಗೂ ಸೇರಿದ ಧರ್ಮಾಧಿಕಾರಿಗಳು ಒಬ್ಬರನ್ನೊಬ್ಬರು ಬಹಿಷ್ಕರಿಸುತ್ತಿದ್ದಾಗ, ಇಗರ್ಜಿ ನಿಲ್ಲಲು ನೆಲವಿದ್ದುದು ಬಿದನೂರಿನ ಆಳಿಕೆಯಲ್ಲಿ ಎಂಬುದು ನೆನಪಿನಲ್ಲಿಡಬೇಕಾದ ಸಂಗತಿ.

೧೬೮೪ರಲ್ಲಿ ತೊಮಾಸನು ಮಂಗಳೂರಿನಲ್ಲಿಯೇ ತೀರಿಕೊಂಡನು. ಅದೇ ವರ್ಷ ವಾಜನು ಗೋವೆಗೆ ಹಿಂದಿರುಗಿದನು. ಕೆನರಾದಲ್ಲಿ ಅವನು ಬಿಟ್ಟುಹೋದುದು ಇಗರ್ಜಿಗಳನ್ನು ಮಾತ್ರವಲ್ಲ, ಐತಿಹ್ಯಗಳನ್ನೂ ಕೂಡ. ಗಂಗೊಳ್ಳಿಯಲ್ಲಿ ಶಿಲುಬೆಯ ಮುಂದೆ ಪ್ರಾರ್ಥಿಸುತ್ತಿದ್ದಾಗ ಅವನ ದೇಹವು ನೆಲದಿಂದ ಮೇಲೆದ್ದಿತೆಂದು ಅಲ್ಲಿಯವರು ಹೇಳುವರು. ಮಂಗಳೂರಿಗೆ ಸಮೀಪದ ಮುಡಿಪಿನ ಗುಡ್ಡದಲ್ಲಿ ರಾತ್ರಿಯ ವೇಳೆ ಅವನಿಗೆ ಕೇಡು ಬಗೆದವರ ಮುಂದೆ ಬೆಳಕು ಮೂಡಿತೆಂಬ ಕಥೆಯೂ ಉಂಟು. ಆ ಸ್ಥಳವು ಈಗ ಯಾತ್ರಾಸ್ಥಾನವಾಗಿದೆ. ಇಂಥ ಕಥೆಗಳನ್ನು ಚರಿತ್ರೆಯೆಂದು ಸ್ವೀಕರಿಸುವುದೂ ಕಟ್ಟುಕಥೆಯೆಂದು ತಿರಸ್ಕರಿಸುವುದೂ ಇಲ್ಲಿ ಪ್ರಕೃತವಲ್ಲ. ಬದುಕಿರುವ ಮನುಷ್ಯನ ಸುತ್ತ ಇಂಥ ಮಾತು ಹಬ್ಬತೊಡಗಿದರೆ ಅದು ಅವನಿಗೆ ಒದಗುವ ಅಪಾಯವೆಂಬುದಷ್ಟೆ ಪ್ರಕೃತ. ಬಹಿಷ್ಕಾರ ಹಾಕುವ ಬಿಷಪ್ಪನನ್ನು ಎದುರಿಸುವುದಕ್ಕಿಂತ, ಪಾದದ ಧೂಳನ್ನು ಬಯಸಿ ಬರುವ ಜನರನ್ನು ಎದುರಿಸುವುದು ಕಠಿನ.

ವಾಜನು ಇದನ್ನು ಹೇಗೆ ನಿವಾರಿಸಿಕೊಂಡನೆಂಬುದು ಅವನ ಮುಂದಿನ ನಡೆಯಿಂದ ತಿಳಿಯಬರುವುದು. ಹಳೆಯ ಗೋವೆಯ ಗುಡ್ಡದ ಮೇಲಿರುವ ಪವಾಡದ ಶಿಲುಬೆಯ ಇಗರ್ಜಿಯಲ್ಲಿ ಕೆಲವು ದೇಶೀಯ ಪಾದ್ರಿಗಳು ಕೂಡಿ ಬಾಳುತ್ತಿದ್ದರು. ೧೬೮೫ರ ಸೆಪ್ಟೆಂಬರಿನಲ್ಲಿ ಅವನು ಅವರೊಡನೆ ಸೇರಿದನು, ಅವರು ಅವನನ್ನೇ ಮುಖ್ಯನನ್ನಾಗಿ ಆರಿಸಿದರು. ಯುರೋಪಿನ ಸಂಘಗಳಲ್ಲಿ ಸ್ಥಳವಿಲ್ಲದ ಪಾದ್ರಿಗಳಿಗೆ ತಮ್ಮದೇ ಒಂದು ಸಂಘವಾಯಿತು. ಅವರು ಕೈಕೊಂಡ ನಿಯಮವು ರೋಮಿನ ಫಿಲಿಪ್ ನೇರಿಯ ಓರಟರಿ ಸಂಘದ್ದು. ೧೫೧೫ರಿಂದ ೧೫೯೫ರವರೆಗೆ ಬಾಳಿದ ಆ ನೇರಿಯು, ತನ್ನನ್ನು ಮಹಾತ್ಮನೆಂದು ಜನರು ಹೊಗಳುವುದನ್ನು ತಪ್ಪಿಸಲು ಗಡ್ಡದ ಒಂದು ಭಾಗವನ್ನು ಮಾತ್ರ ಬೋಳಿಸಿಕೊಂಡು ಬೀದಿಯಲ್ಲಿ ತಿರುಗಿ ನಗೆಗೀಡಾಗುತ್ತಿದ್ದನೆಂದು ಅವನ ಚರಿತ್ರೆಕಾರರು ಬರೆದಿದ್ದಾರೆ. ಶೈವರಲ್ಲಿ ಪಾಶುಪತವ್ರತದ ಒಂದು ಅವಸ್ಥೆಯಲ್ಲಿ, ಜನರ ನಿಂದೆಯನ್ನು ಬೇಕೆಂದೇ ಬರಮಾಡಿಕೊಳ್ಳುವ ವಿಧಿಯನ್ನು ಬಲ್ಲವರಿಗೆ ಇದರ ಮರ್ಮವು ಹೊಳೆಯುವುದು. ಪಾಶುಪತರು ಒಂದು ಕಾಲಕ್ಕೆ ಪ್ರಬಲರಾಗಿದ್ದ ಬಳ್ಳಿಗಾವೆಯು ಸಾಗರಕ್ಕೆ ದೂರವಲ್ಲ.

ಆದರೂ ಓರಟರಿಯ ಚರಿತ್ರೆಯಲ್ಲಿ ಮರೆಮಾಚಲಾಗದ ಒಂದು ಕಲೆಯುಂಟು. ಬಿಳಿಯರು ತಮ್ಮನ್ನು ಹೊರಗಿಟ್ಟರೆಂದು ನೊಂದು ಏರ್ಪಟ್ಟ ಆ ಸಂಘವು ಬ್ರಾಹ್ಮಣಮೂಲದವರಿಗೇ ಮೀಸಲಾಗಿ ನಿಂತು, ಚಾರಡಿ ಎನಿಸಿದ ಇತರ ದೇಶೀಯ ಕ್ರೈಸ್ತರನ್ನು ಹೊರಗಿಟ್ಟಿತು. ಮತಾಂತರವಾದರೂ ಕುಲಮದವು ಅಂತರವಾಗಲಿಲ್ಲ. ಪೋರ್ತುಗೀಸನ ಬಾಗಿಲಿನಲ್ಲಿ ನಿಂತು ಅನ್ಯಾಯವೆಂದು ಕೂಗಿದವನೇ ತನ್ನ ಬಾಗಿಲಿಗೆ ಅಗಣಿ ಹಾಕಿದನು. ಬಾಗಿಲೊಳಗಿನ ಬ್ರಾಹ್ಮಣ್ಯವನ್ನು ಚೆನ್ನಾಗಿ ಬಲ್ಲ ಸಂಸ್ಕೃತ ಪಾಠಶಾಲೆಯ ಪಂಡಿತರಿಗೆ ಈ ವಿಷಯದಲ್ಲಿ ಆಶ್ಚರ್ಯಪಡುವ ಅಧಿಕಾರವು ಅಷ್ಟಾಗಿ ಇಲ್ಲ.

ಮುಖ್ಯನಾಗಿ ಆರಿಸಲ್ಪಟ್ಟ ಮರುವರ್ಷವೇ, ೧೬೮೬ರಲ್ಲಿ, ವಾಜನು ಆ ಸ್ಥಾನವನ್ನು ಬಿಟ್ಟು ಸಿಂಹಳಕ್ಕೆ ಹೊರಟನು. ೧೬೮೭ರಲ್ಲಿ ಯೋವಾನನೆಂಬ ಸೇವಕನೊಡನೆ ಭಿಕ್ಷುಕನ ವೇಷದಿಂದ ಯಾಳ್ಪಾಣಕ್ಕೆ, ಎಂದರೆ ಜಾಫ್ನಾಕ್ಕೆ, ಸೇರಿ ಅತಿಸಾರದಿಂದ ಸಾಯುವಂತಾದನು. ವೇಷವು ಡಚ್ಚರ ಕಣ್ಣು ತಪ್ಪಿಸುವುದಕ್ಕೆಂಬುದು ನಿಜ. ಆದರೆ ಭಿಕ್ಷುಕನಿಗೆ ಬಾಗಿಲಿನಿಂದ ಬಾಗಿಲಿಗೆ ಬರುವ ತಿರಸ್ಕಾರವು ವೇಷವಲ್ಲ. ೧೬೯೨ರಲ್ಲಿ ಕ್ಯಾಂಡಿಗೆ ಹೋದಾಗ ಅಲ್ಲಿಯ ಅರಸನಾದ ಎರಡನೆಯ ವಿಮಲಧರ್ಮಸೂರ್ಯನು ಅವನನ್ನು ಪೋರ್ತುಗೀಸರ ಗೂಢಚಾರನೆಂಬ ಶಂಕೆಯಿಂದ ಸೆರೆಯಲ್ಲಿಟ್ಟನು. ಬಿಡುಗಡೆಯಾದ ಮೇಲೆ ಅದೇ ಬೌದ್ಧರಾಜನ ಆಶ್ರಯದಲ್ಲಿ ಕೆಲಸ ಮುಂದುವರಿಯಿತು. ೧೬೯೭ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಹಬ್ಬಿ ಜನರು ರೋಗಿಗಳನ್ನು ಬಿಟ್ಟು ಓಡಿದಾಗ ವಾಜನು ಮತಭೇದವೆಣಿಸದೆ ಅವರ ಶುಶ್ರೂಷೆ ಮಾಡಿದನು. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಪೋಪನ ಪ್ರತಿನಿಧಿಯಾಗಿ ಹಿಂದೂದೇಶಕ್ಕೆ ಬಂದ ದ ತೂರ್ನೊನನು ಅವನನ್ನು ಸಿಂಹಳಕ್ಕೆ ಬಿಷಪ್ಪನನ್ನಾಗಿ ಮಾಡಬೇಕೆಂದು ಯೋಚಿಸಿದಾಗ ವಾಜನು ಅದನ್ನು ಒಲ್ಲೆನೆಂದನು. ಕೆನರಾದಲ್ಲಿ ಒಂದು ಬಿಷಪ್ಪನ ಪದವಿಗಾಗಿ ಆದ ಅನರ್ಥವನ್ನು ಕಣ್ಣಾರೆ ಕಂಡವನಿಗೆ ಆ ಪದವಿಯಲ್ಲಿ ರುಚಿ ಉಳಿದಿರಲಿಕ್ಕಿಲ್ಲ. ೧೭೧೧ರ ಜನವರಿ ೧೬ರಂದು ಕ್ಯಾಂಡಿಯಲ್ಲಿ ಮೃತಿಹೊಂದಿದನು. ೧೯೯೫ರಲ್ಲಿ ಪೋಪ್ ಎರಡನೆಯ ಜಾನ್ ಪಾಲರು ಕೊಲಂಬೊದಲ್ಲಿ ಅವನನ್ನು ಪುಣ್ಯವಂತನೆಂದೂ, ೨೦೧೫ರ ಜನವರಿ ೧೪ರಂದು ಪೋಪ್ ಫ್ರಾನ್ಸಿಸರು ಅದೇ ಊರಿನ ಗಾಲೆ ಫೇಸ್ ಬಯಲಿನಲ್ಲಿ ಸಂತನೆಂದೂ ಸಾರಿದರು. ಮೂರು ಶತಮಾನಗಳ ಬಳಿಕ ಬಂದ ಈ ಸಂಮಾನವು ಅವನನ್ನು ಕೆಡಿಸಲಾರದು.

ಕೆನರಾದ ವ್ಯಾಜ್ಯವು ಮಾತ್ರ ತೊಮಾಸನೊಡನೆ ಮುಗಿಯಲಿಲ್ಲ. ಬಿದನೂರು ೧೭೬೩ರಲ್ಲಿ ಹೈದರಾಲಿಯ ಕೈಸೇರಿತು. ೧೭೮೪ರಲ್ಲಿ ಟೀಪುಸುಲ್ತಾನನು ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದಾಗ ಪದ್ರುವಾದೊ, ಪ್ರೊಪಗಾಂಡ ಎಂಬ ಭೇದವನ್ನು ಯಾರೂ ಕೇಳಲಿಲ್ಲ. ೧೮೦೧ರಲ್ಲಿ ಈ ಸೀಮೆಗಳನ್ನು ಸುತ್ತಿದ ಬುಕಾನನನು, ಇಕ್ಕೇರಿಯ ಅರಸರು ಈ ಕ್ರೈಸ್ತರಿಗೆ ಬಹಳ ಪ್ರೋತ್ಸಾಹ ಕೊಟ್ಟಿದ್ದರೆಂದೂ, ಹಿಂದೆ ೨೭ ಇಗರ್ಜಿಗಳಿದ್ದು ಅವೆಲ್ಲವೂ ಒಬ್ಬ ವಿಕಾರನ ಮೂಲಕ ಗೋವೆಯ ಆರ್ಚ್‌ಬಿಷಪ್ಪನಿಗೆ ಅಧೀನವಾಗಿದ್ದುವೆಂದೂ ಕೇಳಿ ಬರೆದುಕೊಂಡಿದ್ದಾನೆ. ತೊಮಾಸನ ಸೂತ್ರವು ಅಷ್ಟರಲ್ಲಿ ಜನರ ನೆನಪಿನಿಂದಲೇ ಅಳಿದಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಅದು ಮತ್ತೆ ಚಿಗುರಿ, ೧೮೮೬ರಲ್ಲಿ ಪೋಪನಿಗೂ ಪೋರ್ತುಗಾಲಿಗೂ ಆದ ಒಪ್ಪಂದದಿಂದ ಬಹುಮಟ್ಟಿಗೆ ಇತ್ಯರ್ಥವಾಯಿತು. ಗೋವೆಯ ಸಂಬಂಧವು ಕಡಿದುಹೋದುದನ್ನು ಸಹಿಸದ ಕಲ್ಯಾಣಪುರ, ಬ್ರಹ್ಮಾವರಗಳ ಕೆಲವು ಕುಟುಂಬಗಳು ಆಲ್ವಾರಿಸ್ ಪಾದ್ರಿಯನ್ನು ಹಿಂಬಾಲಿಸಿ ರೋಮನ್ನೇ ಬಿಟ್ಟುವು. ಗೋವೆಯಲ್ಲಿ ಹುಟ್ಟಿದ ಈ ಆಲ್ವಾರಿಸನು ೧೮೮೯ರಲ್ಲಿ ಮಲಂಕರದ ಆರ್ಥೊಡಾಕ್ಸ್ ಬಿಷಪ್ಪರಿಂದ ಮಾರ್ ಜೂಲಿಯಸ್ ಎಂಬ ಹೆಸರಿನಿಂದ ಅಭಿಷಿಕ್ತನಾದನು. ೧೬೭೮ರ ಒಡಂಬಡಿಕೆಯಲ್ಲಿ ಇಗರ್ಜಿಗೆ ಅಪ್ಪಣೆ ಪಡೆದ ಊರುಗಳಲ್ಲಿ ಕಲ್ಯಾಣಪುರವೂ ಒಂದೆಂಬುದನ್ನು ಮೇಲೆ ಹೇಳಿದೆ. ಆ ಕುಟುಂಬಗಳ ಸಂತತಿಯವರು ಇಂದಿಗೂ ಬ್ರಹ್ಮಾವರದಲ್ಲಿ ಕೊಂಕಣಿಯನ್ನಾಡುತ್ತ, ಬೇರೆಯ ಇಗರ್ಜಿಯನ್ನಿಟ್ಟುಕೊಂಡು, ಕಥೋಲಿಕರ ನೆರೆಯಲ್ಲಿಯೇ ವಾಸಿಸುತ್ತಿದ್ದಾರೆ.